ಎಡಕ್ಕೆ ವಾಲಿದ ಕುರ್ಚಿ

ನನ್ನ ಗಂಡ ಬೆತ್ತದ ಕುರ್ಚಿ ಹೆಣೆಯುತ್ತಿದ್ದರು. ಬೀದಿಯ ಮಕ್ಕಳು ಅವರನ್ನು ಕುರ್ಚಿ ಮಾವ ಎನ್ನುತ್ತಿದ್ದರು. ಹಾಗಾಗಿ ನಾನು ಕುರ್ಚಿ ಅತ್ತೆ. ಅವರು ಹೋದರು. ನಾನಿನ್ನೂ ಕುರ್ಚಿ ಅತ್ತೆಯೇ.

ಮದುವೆಯಾಗಿ ಬಂದ ದಿನ ಮನೆ ತುಂಬ ಕುರ್ಚಿ ಕಂಡು, ಪರವಾಗಿಲ್ಲ, ಅನುಕೂಲಸ್ಥರು ಅಂದುಕೊಂಡೆ. ಆಮೇಲೆ ತಿಳಿಯಿತು, ಅದರಲ್ಲಿ ಒಂದೂ ನಮ್ಮದಲ್ಲ. ಎಲ್ಲ ಗಿರಾಕಿಗಳದು. ಗಿರಾಕಿ ಬಂದು ಒಯ್ಯುವವರೆಗೆ ನಾವು ಕೂರುವುದು.

ಅದಕ್ಕೂ ಅವರಲ್ಲಿ ಕಾರಣವಿತ್ತು. "ಹೊಸ ಬೆತ್ತಕ್ಕೆ ಸೊಕ್ಕು ಜಾಸ್ತಿ ಕಣೇ. ನಾಲ್ಕು ದಿನ ಮನೆಯವರು ಕೂತ್ರೆ ಬುದ್ಧಿ ಬರುತ್ತೆ" ಎನ್ನುತ್ತಿದ್ದರು. ನೆನೆಸಿದ ಬೆತ್ತದಲ್ಲಿ ಹೆಣೆಯುತ್ತಾರೆ. ಒಣಗಿದ ಮೇಲೆ ಅದು ತಮಟೆಯ ಹಾಗೆ ಬಿಗಿಯುತ್ತದೆ. ಅದನ್ನು ಪಳಗಿಸುವ ಕೆಲಸ ನಮ್ಮತ್ತೆಯದು. "ಅಮ್ಮಾ, ಸ್ವಲ್ಪ ಇಲ್ಲಿ ಬಾ" ಅಂದರೆ ಸಾಕು, ಬಿಡಿಸುತ್ತಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಬಂದು ಧೊಪ್ಪೆಂದು ಕೂರುತ್ತಿದ್ದರು. ಕಿರ್ರ್ ಎನ್ನದಿದ್ದರೆ ಕುರ್ಚಿ ಪಾಸು. ಅತ್ತೆಯ ತೂಕ ತಡೆದ ಕುರ್ಚಿ ಆನೆಯನ್ನೂ ತಡೆಯುತ್ತದೆ ಎಂದು ಇವರು ಗಿರಾಕಿಗಳಿಗೆ ಹೇಳುತ್ತಿದ್ದರು. ಅತ್ತೆಗೆ ಅದು ಹೊಗಳಿಕೆಯಂತೆಯೇ ಕೇಳುತ್ತಿತ್ತು.

ಯಾರ ಕುರ್ಚಿಯಲ್ಲಿ ಕೂತರೆ ಅವರ ಗುಣ ಬರುತ್ತದೆ ಎನ್ನುವುದು ಇವರ ಇನ್ನೊಂದು ಮಾತು. "ಇವತ್ತು ವಕೀಲರ ಕುರ್ಚೀಲಿ ಕೂತಿದೀನಿ. ನನ್ ಹತ್ರ ವಾದ ಮಾಡ್ಬೇಡ, ಸೋತ್ಹೋಗ್ತೀಯ." ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೆಡ್‌ಮಾಸ್ಟರ ಕುರ್ಚಿ ಮನೆಗೆ ಬಂದರೆ ಬಿಡುತ್ತೇನೆಯೇ? ಅದರ ಮೇಲೆ ಕೂತು ಗಂಡನನ್ನು ಎದುರಿಗೆ ನಿಲ್ಲಿಸಿ ಮಗ್ಗಿ ಹೇಳಿಸಿದೆ. ಏಳರ ಮಗ್ಗಿಯಲ್ಲಿ ತಪ್ಪಿದರು. ತಪ್ಪಿದ್ದು ನನಗೆಲ್ಲಿ ಗೊತ್ತಾಗಬೇಕು? ಮಗಳು ಬಂದು ಕಿವಿ ಕಚ್ಚಿದಳು. ನಾನು ಎದ್ದು ಅವರ ಕಿವಿ ಹಿಂಡಿದೆ.

ಗಿರಾಕಿ ಬಂದಾಗ ಏಳಬೇಕಾಗಿತ್ತು, ಅದೊಂದೇ ಕಷ್ಟ. ಎಷ್ಟೋ ಸಲ ಊಟದ ನಡುವೆ ಕುರ್ಚಿ ಹೋಗಿ, ತಟ್ಟೆ ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ಉಂಡಿದ್ದೇವೆ. ಅತ್ತೆ ಮಾತ್ರ ಏಳುತ್ತಿರಲಿಲ್ಲ. "ಉಂಡು ಮುಗಿಸೋವರೆಗೂ ಇದು ನಂದು" ಅನ್ನುವರು. ಬ್ಯಾಂಕಿನ ಮ್ಯಾನೇಜರು ಒಮ್ಮೆ ಅವರು ಮಜ್ಜಿಗೆ ಕುಡಿದು ಕೈ ತೊಳೆಯುವವರೆಗೆ ಬಾಗಿಲಲ್ಲಿ ನಿಂತಿದ್ದರು.

ಎಲೆ ಉದುರುವ ಕಾಲವೇ ನಮಗೆ ಸುಗ್ಗಿ. ವರ್ಷವೆಲ್ಲ ಅಂಗಳದಲ್ಲಿ, ಮಹಡಿ ಮೇಲೆ ಬಿಸಿಲು ತಿಂದ ಕುರ್ಚಿಗಳನ್ನು ಜನ ಆಗ ಚಳಿಗೆ ಒಳಗೆ ತರುತ್ತಾರೆ. ತಂದು ಕೂರುತ್ತಾರೆ. ಕೂತವರು ಕೆಳಕ್ಕೆ ಹೋಗುತ್ತಾರೆ. ಮರುದಿನ ನಮ್ಮ ಬಾಗಿಲಿಗೆ ಬರುತ್ತಾರೆ. ಆ ದಿನಗಳಲ್ಲಿ ಮನೆಯೊಳಗೆ ಅಡ್ಡಡ್ಡ ನಡೆಯಬೇಕು. ಸ್ನಾನದ ತೊಟ್ಟಿಯಲ್ಲಿ ಬೆತ್ತ ನೆನೆಯುತ್ತಿರುತ್ತದೆ, ಮೊದಲ ಸ್ನಾನ ಅದರದು, ಆಮೇಲೆ ನಮ್ಮದು. ಒಲೆಯ ಮೇಲೆ ಒಂದು ಪಾತ್ರೆಯಲ್ಲಿ ಚಹಾ ಸೊಪ್ಪು ಕುದಿಯುತ್ತಿರುತ್ತದೆ, ಅದು ಕುಡಿಯಲು ಅಲ್ಲ. ಹೊಸ ಬೆತ್ತ ಹಳದಿ. ಅದಕ್ಕೆ ಚಹಾದ ನೀರು ಹಚ್ಚಿ ಹಳೆಯದರ ಬಣ್ಣ ಬರಿಸುತ್ತಿದ್ದರು. ಹೊಸದು ಯಾವುದು ಹಳೆಯದು ಯಾವುದು ಅಂತ ಹೆಣೆದವನಿಗೂ ಗೊತ್ತಾಗಬಾರದು ಎನ್ನುತ್ತಿದ್ದರು. ಆ ಜಾಣತನವೇ ಆಮೇಲೆ ನನ್ನ ತಲೆಗೆ ಬಂತು.

ಬಾಗಿಲ ಎದುರಿಗೆ ಒಂದು ಮರ. ಸಂಜೆ ಇಬ್ಬರೂ ಯಾರದೋ ಕುರ್ಚಿಗಳನ್ನು ಅದರ ಕೆಳಗೆ ಹಾಕಿಕೊಂಡು ಹುರಿದ ಕಡಲೆಕಾಯಿ ಬಿಡಿಸುತ್ತ ಕೂರುತ್ತಿದ್ದೆವು. ಒಬ್ಬೊಬ್ಬರು ಒಂದೊಂದು ಎಲೆ ಆರಿಸಿಕೊಳ್ಳಬೇಕು. ಯಾರ ಎಲೆ ಮೊದಲು ಬೀಳುತ್ತದೋ ಅವರು ಗೆದ್ದರು. ಸೋತವರು ಎದ್ದು ಚಹಾ ಮಾಡಬೇಕು. ಅವರು ಸೋತದ್ದೇ ಅಪರೂಪ. ಒಂದು ದಿನ ಸಿಪ್ಪೆ ಗುಡಿಸುವಾಗ ನೋಡುತ್ತೇನೆ, ಕೆಳಗಿನ ಕೊಂಬೆಗೆ ಬೆತ್ತದ ಒಂದು ತೆಳು ಎಳೆ ಕಟ್ಟಿದೆ. ಇನ್ನೊಂದು ತುದಿ ಅವರ ಚಪ್ಪಲಿಯ ಹತ್ತಿರ. ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಎಳೆಯುತ್ತಿದ್ದರು, ಕಳ್ಳ. ನಾನು ಏನೂ ಅನ್ನಲಿಲ್ಲ. ಅವರು ಮಾಡುವ ಚಹಾ ಬಾಯಿಗಿಡುವ ಹಾಗಿರಲಿಲ್ಲ. ಸೋಲುವುದೇ ಮೇಲು.

ಇನ್ನು ಆ ಕುರ್ಚಿಯ ವಿಷಯ.

ಮಗಳು ಚಿಕ್ಕವಳಿದ್ದಾಗ ಪಕ್ಕದ ಬೀದಿಯಲ್ಲಿ ಹೆರಿಗೆ ಡಾಕ್ಟರಮ್ಮ ಆಸ್ಪತ್ರೆ ತೆರೆದರು. ಕಾಯುವ ಹೆಂಗಸರಿಗೆ ಆರು ಕುರ್ಚಿ ಬೇಕೆಂದರು. ಬಡಗಿ ಎಣಿಕೆ ತಪ್ಪಿ ಏಳು ಮಾಡಿದ. ಏಳನೆಯದನ್ನು ಇವರಿಗೆ ಕೊಟ್ಟ. "ಹೆಣೆದ್ಕೊಂಡು ಇಟ್ಕೋ ಮಾರಾಯ. ನಿನ್ನ ಹೆಂಡ್ತಿ ನಿಂತು ನಿಂತು ಕೊಕ್ಕರೆ ಆಗ್ತಿದಾಳೆ" ಅಂದ. ಅವನು ಕೊಟ್ಟದ್ದು ನನಗೆ. ಕೂತವರು ಇವರು.

ಕಿಟಕಿಯ ಪಕ್ಕ ಹಾಕಿಕೊಂಡರು. ಬೀದಿಯಲ್ಲಿ ಹೋಗುವವರನ್ನೆಲ್ಲ ನೋಡಬೇಕು, ಅದಕ್ಕೆ ಎಡಕ್ಕೆ ವಾಲಿ ಕೂರುವುದು. "ನೆಟ್ಟಗೆ ಕೂತ್ಕೊಳ್ಳಿ, ಬೆನ್ನು ಸೊಟ್ಟಗಾಗುತ್ತೆ" ಅಂತ ನಾನು ಬಾಯಿ ನೋಯಿಸಿಕೊಂಡೆ. ಅವರ ಬೆನ್ನು ಸೊಟ್ಟಗಾಗಲಿಲ್ಲ. ಕುರ್ಚಿ ಆಯಿತು. ಎಡಗಡೆ ಒಂದು ತಗ್ಗು ಬಿತ್ತು. ನೋಡಿದರೆ ಕಾಣದು, ಕೂತರೆ ಗೊತ್ತಾಗುತ್ತದೆ. ಊರಿನ ಕುರ್ಚಿಗಳನ್ನೆಲ್ಲ ಮತ್ತೆ ಮತ್ತೆ ಹೆಣೆದವರು ಇದನ್ನೊಂದು ಮುಟ್ಟಲಿಲ್ಲ. ಕೇಳಿದರೆ, "ಇದು ಈಗ ತಾನೇ ನನ್ನ ಮಾತು ಕೇಳೋಕೆ ಶುರು ಮಾಡಿದೆ. ನಿನಗಿಂತ ವಾಸಿ" ಅನ್ನುವರು.

ಈ ಸಲ ಎಲೆ ಹಳದಿಯಾಗುವ ಹೊತ್ತಿಗೆ ಆ ಕುರ್ಚಿಯಲ್ಲಿ ಕೂತಿದ್ದಾಗಲೇ ಹೋದರು. ನಾನು ಒಳಗೆ ಚಹಾ ಮಾಡುತ್ತಿದ್ದೆ. ತಂದು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಕುರ್ಚಿಯವನಿಗೆ ತಕ್ಕ ಸಾವು ಅಂದರು ಜನ. ಜನಕ್ಕೇನು.

ಮಾತಾಡಿಸಲು ಬಂದವರನ್ನೂ ಗಿರಾಕಿಗಳ ಕುರ್ಚಿಯ ಮೇಲೆಯೇ ಕೂರಿಸಿದ್ದಾಯಿತು. ಅತ್ತೆ ಎಂದೋ ತೀರಿಕೊಂಡಿದ್ದರು. ನಾನೊಬ್ಬಳೇ ಅಂತ ನನ್ನ ನಾದಿನಿ, ಅವರ ತಂಗಿ, ಜೊತೆಗಿರಲು ಬಂದಿದ್ದಳು. ಅವಳಿಗೆ ಒಪ್ಪ ಮಾಡುವ ರೋಗ. ಕುರ್ಚಿಗಳನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿ ಹೊದಿಕೆ ಹಾಕಿದಳು. ಡಾಕ್ಟರಮ್ಮನ ಎರಡು ಕುರ್ಚಿ ಹೊಸದಾಗಿ ಹೆಣೆದು ಸಿದ್ಧವಿದ್ದವು. ಅವುಗಳ ಜೊತೆ ನಮ್ಮದನ್ನೂ ನಿಲ್ಲಿಸಿದಳು. ಮೂರೂ ಒಬ್ಬನೇ ಬಡಗಿಯವು, ಒಂದೇ ಅಚ್ಚು, ಒಂದೇ ಚಹಾದ ಬಣ್ಣ. ಡಾಕ್ಟರಮ್ಮನ ಕಾಂಪೌಂಡರ್ ತಳ್ಳುಗಾಡಿ ತಂದ. ಎರಡು ಕೊಟ್ಟು ಕಳಿಸಿದಳು. ಯಾವ ಎರಡು ಅಂತ ಯೋಚಿಸಲೂ ಇಲ್ಲ.

ಮಾರನೆಯ ದಿನ ನಾನು ಉಳಿದ ಕುರ್ಚಿಯ ಹೊದಿಕೆ ತೆಗೆದು ಕಿಟಕಿಯ ಹತ್ತಿರ ಎಳೆದು ಕೂತೆ. ತಮಟೆ. ಬೆತ್ತ ನನ್ನನ್ನು ಮೇಲಕ್ಕೆ ತಳ್ಳಿತು. ಹೆಣದ ಮುಂದೆ ಬಾರದ ಅಳು ಆಗ ಬಂತು. ನಾದಿನಿ ಓಡಿ ಬಂದಳು.

"ಏನಾಯ್ತು ಅತ್ತಿಗೆ?"

"ನಿನ್ನ ಅಣ್ಣನ್ನ ಯಾರಿಗೆ ಕೊಟ್ಟೆ?"

ಅವಳು ನನ್ನ ಹಣೆ ಮುಟ್ಟಿ ನೋಡಿದಳು. "ಅತ್ತಿಗೆ, ಕುರ್ಚಿ ತಾನೇ? ಎಲ್ಲ ಒಂದೇ ಥರ ಇತ್ತಲ್ಲ."

"ಹಾಗಾದ್ರೆ ನಿನ್ನ ಗಂಡನ್ನೂ ಅದಲುಬದಲು ಮಾಡು. ಗಂಡಸರೂ ಒಂದೇ ಥರ ಇರ್ತಾರೆ."

ಅವಳು ಮುಖ ಊದಿಸಿಕೊಂಡು ಅವತ್ತೇ ಊರಿಗೆ ಹೊರಟಳು. ಹೋಗುತ್ತ ಬೀದಿಯವರಿಗೆ ಹೇಳಿ ಹೋದಳು, ಅತ್ತಿಗೆಗೆ ತಲೆ ಸರಿಯಿಲ್ಲ ಅಂತ.

ನೇರವಾಗಿ ಹೋಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಏನಂತ ಕೇಳಲಿ? ನನ್ನ ಗಂಡ ಕೂತ ತಗ್ಗು ನಿಮ್ಮಲ್ಲಿದೆ, ಕೊಡಿ ಅಂತಲೇ? ಮೊದಲೇ ತಲೆ ಕೆಟ್ಟಿದೆ ಎಂಬ ಹೆಸರು. ಮೊದಲು ಹುಡುಕಿ, ಆಮೇಲೆ ಕೇಳೋಣ ಅಂದುಕೊಂಡೆ.

ಆಸ್ಪತ್ರೆಯಲ್ಲಿ ಆರು ಕುರ್ಚಿಗಳೂ ಗೋಡೆಗೆ ಸಾಲಾಗಿದ್ದವು. ಎಲ್ಲದರ ಮೇಲೂ ಹೂವಿನ ಬಟ್ಟೆಯ ತೆಳು ಮೆತ್ತೆ, ನಾಲ್ಕು ಮೂಲೆಗೂ ಗಂಟು. ಎಲ್ಲದರಲ್ಲೂ ಬಸುರಿಯರು. ನೋಡಿ ಹೇಳುವ ಮಾತೇ ಇಲ್ಲ. ಕೂತೇ ನೋಡಬೇಕು. ಒಬ್ಬಳು ಒಳಗೆ ಹೋದಳು. ನಾನು ಹೋಗಿ ಕೂತೆ. ಅದಲ್ಲ.

ಕಾಂಪೌಂಡರ್ ಬಂದ. "ಕುರ್ಚಿ ಅತ್ತೆ, ಯಾರ ಜೊತೆ ಬಂದ್ರಿ?"

"ಒಬ್ಬಳೇ."

"ಯಾರಿಗೆ ತೋರಿಸ್ಬೇಕಿತ್ತು?"

"ಯಾರಿಗೂ ಇಲ್ಲ. ಸುಸ್ತಾಗಿತ್ತು. ಕೂತೆ."

ಮರುದಿನವೂ ಸುಸ್ತಾಯಿತು. ಅದರ ಮರುದಿನವೂ. ದಿನಕ್ಕೆ ಒಂದು ಕುರ್ಚಿ ಸಿಕ್ಕರೆ ಹೆಚ್ಚು. ಪಕ್ಕದಲ್ಲಿ ಕೂತವರು ಎಷ್ಟನೇ ತಿಂಗಳು ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನನ್ನ ಸರದಿ ಬಂದಾಗ ಸುಮ್ಮನಾಗುತ್ತಿದ್ದರು. ಒಬ್ಬಳು ಮಾತ್ರ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ನಾನೂ ಸ್ವಲ್ಪ ಉಬ್ಬಿಸಿ ಕೂತೆ. ನೋಡಲಿ.

ಹಾಲಿನವಳು ನನ್ನನ್ನು ಅಲ್ಲಿ ಕಂಡಳು. ಕಂಡದ್ದನ್ನು ಹಾಲಿನ ಜೊತೆ ಮನೆ ಮನೆಗೂ ಹಾಕಿದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಸಂಜೆಯೊಳಗೆ ಸುದ್ದಿ ಮಗಳ ಕಿವಿಗೆ ಬಿತ್ತು. ಅವಳು ಆಫೀಸಿನ ಚೀಲ ಹೆಗಲಲ್ಲಿ ಇದ್ದಂತೆಯೇ ಬಸ್ಸು ಹತ್ತಿ ಬಂದಳು.

"ಅಮ್ಮಾ, ಹೆರಿಗೆ ಆಸ್ಪತ್ರೆಗೆ ಯಾಕೆ ಹೋಗ್ತಿದೀಯಾ?"

"ಕೂರೋಕೆ."

"ಕೂರೋಕಾ? ನಿಜ ಹೇಳು. ಏನಾದ್ರೂ ತೊಂದ್ರೆನಾ? ಹೆಂಗಸರ ತೊಂದ್ರೆ ಏನಾದ್ರೂ?"

"ಗಂಡಸರ ತೊಂದ್ರೆ. ನಿಮ್ಮಪ್ಪಂದು."

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ನಕ್ಕಳು. ನಗುತ್ತ ನಗುತ್ತ ಅತ್ತಳು. ಅತ್ತ ಮೇಲೆ ಮೂಗು ಒರೆಸಿಕೊಂಡು, "ಎಷ್ಟು ಆಗಿದೆ, ಎಷ್ಟು ಉಳಿದಿದೆ?" ಅಂದಳು. ಅಪ್ಪನ ಮಗಳು.

ಮರುದಿನ ಇಬ್ಬರೂ ಹೋದೆವು. ಕಾಂಪೌಂಡರ್ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. "ಈಗ ಇಬ್ಬರಲ್ಲಿ ಯಾರಿಗೆ?" ಅಂದ.

"ಯಾರಿಗಾದ್ರೇನು, ಕೂರೋಕೆ ಬಿಡಿ" ಅಂದಳು ಮಗಳು.

ಅವಳಿಗೆ ಅಪ್ಪನ ಕುರ್ಚಿ ಗೊತ್ತು. ಶಾಲೆಯಿಂದ ಬಂದು ಅದರಲ್ಲಿ ಕೂರಲು ಅವರೊಂದಿಗೆ ಜಗಳವಾಡಿದವಳು. ಅವಳು ಒಂದರಲ್ಲಿ, ನಾನು ಒಂದರಲ್ಲಿ. ಎರಡೂ ಅಲ್ಲ. ಐದು ಮುಗಿದವು. ಉಳಿದದ್ದು ಮೂಲೆಯದು.

ಮೂಲೆಯದರಲ್ಲಿ ಯಾವಾಗಲೂ ಒಬ್ಬಳೇ ಹುಡುಗಿ. ಬಸ್ ಕಂಡಕ್ಟರ್. ಅವಳ ಊರು ದೂರ, ದಿನ ಹತ್ತಿರ, ಅದಕ್ಕೆ ಡಾಕ್ಟರಮ್ಮ ಅಲ್ಲೇ ಇರಿಸಿಕೊಂಡಿದ್ದರು. ಮಂಚದ ಮೇಲೆ ಮಲಗೆಂದರೆ ಮಲಗಳು, ಬೆಳಗಿನಿಂದ ಸಂಜೆಯವರೆಗೆ ಆ ಕುರ್ಚಿಯಲ್ಲೇ. ಬಂದವರಿಗೆಲ್ಲ, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ತಮಾಷೆ ಮಾಡುತ್ತಿದ್ದಳು.

ಕುರ್ಚಿಗೆ ಅಂಟಿಕೊಂಡವರು ಅಂತ ಮಂತ್ರಿಗಳನ್ನು ಬೈಯುತ್ತಾರೆ. ಇವಳ ಮುಂದೆ ಮಂತ್ರಿಗಳು ಏನೂ ಅಲ್ಲ. ಆದರೆ ತುಂಬಿದ ಬಸುರಿ ಎಷ್ಟು ಹೊತ್ತು ಬಚ್ಚಲಿಗೆ ಹೋಗದೆ ಇರುತ್ತಾಳೆ? ಎದ್ದಳು. ನಾನು ಹಾರಿ ಕೂತೆ.

ಕೂತೆ ಅನ್ನುವುದಕ್ಕಿಂತ ಜಾರಿದೆ ಅನ್ನಬೇಕು. ಎಡಕ್ಕೆ. ಅಲ್ಲೇ, ಆ ತಗ್ಗಿಗೇ. ಕತ್ತು ತಾನಾಗಿ ಎಡಕ್ಕೆ ತಿರುಗಿತು. ಅಲ್ಲಿ ಕಿಟಕಿ ಇರಲಿಲ್ಲ, ತೂಕದ ಯಂತ್ರ ಇತ್ತು. ಆದರೂ ನೋಡುತ್ತ ಕೂತೆ. ಮಗಳು ನನ್ನ ಮುಖ ನೋಡಿ, "ಇದೇನಾ?" ಅಂದಳು. ನಾನು ಇನ್ನಷ್ಟು ಒಳಕ್ಕೆ ಸರಿದು ಕೂತೆ.

ಹುಡುಗಿ ಬಂದಳು. "ಅಜ್ಜಿ, ಅದು ನನ್ ಸೀಟು."

"ನಿಂದಲ್ಲ. ನಂದು."

"ಟಿಕೆಟ್ ತೋರ್ಸಿ."

"ತೋರಿಸಲ್ಲ. ಏಳಲ್ಲ."

"ಅಜ್ಜಿ, ಬಸುರಿಗೆ ಸೀಟು ಬಿಟ್ಕೊಡ್ಬೇಕು. ಬಸ್ಸಲ್ಲಿ ಬರೆದಿರುತ್ತೆ."

"ಬೇರೆ ಐದು ಇದೆಯಲ್ಲೇ!"

"ಅವೆಲ್ಲ ಕಟ್ಟಿಗೆ. ಇದ್ರಲ್ಲಿ ಕೂತ್ರೆ ಯಾರೋ ತೊಡೆ ಮೇಲೆ ಕೂರಿಸ್ಕೊಂಡ ಹಾಗಿರುತ್ತೆ."

ಬದುಕಿರುವಷ್ಟು ದಿನ ಬೇರೆ ಹೆಂಗಸನ್ನು ತಲೆಯೆತ್ತಿ ನೋಡದ ಮನುಷ್ಯ. ಕಣ್ಣು ಮುಚ್ಚಿ ತಿಂಗಳಾಗಿಲ್ಲ, ನೋಡಿ ಇವರ ಸಂಸಾರ!

ಗಲಾಟೆಗೆ ಡಾಕ್ಟರಮ್ಮ ಹೊರಗೆ ಬಂದರು. ಕಾಂಪೌಂಡರ್ ನನ್ನ ಕಡೆ ಕೈ ತೋರಿಸಿ, "ದಿನಾ ಬರ್ತಾರೆ ಮೇಡಂ, ಕುರ್ಚಿ ಬದಲಾಯಿಸ್ತಾ ಕೂರ್ತಾರೆ" ಅಂದ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹೇಳಿಬಿಟ್ಟೆ. ಏಳನೇ ಕುರ್ಚಿ, ಕಿಟಕಿ, ತಗ್ಗು, ನಾದಿನಿ, ಎಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು.

"ಮೊದಲೇ ಕೇಳಬಾರದಿತ್ತಾ ಅಮ್ಮಾ? ಇವತ್ತೇ ತಗೊಂಡು ಹೋಗಿ. ಇನ್ನೊಂದನ್ನ ಕಳಿಸಿ, ಸಾಕು."

ಕಾಂಪೌಂಡರ್ ಕುರ್ಚಿಗೆ ಕೈ ಹಾಕಿದ. ನಾನು ಎದ್ದೆ. ಕಂಡಕ್ಟರ್ ಹುಡುಗಿ ಈ ಸಲ ತಮಾಷೆ ಮಾಡಲಿಲ್ಲ. ಗೋಡೆಗೆ ಒರಗಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅವಳ ಕಾಲು ಊದಿದ್ದು ನೋಡಬಾರದಾಗಿತ್ತು, ನೋಡಿಬಿಟ್ಟೆ.

"ಹೆರೋವರೆಗೆ ಕೂತ್ಕೋ" ಅಂದೆ. "ಹೆತ್ತ ದಿನವೇ ನನ್ನ ಮನೆಗೆ ಬರಬೇಕು. ಮಗು ಅಲ್ಲ, ಕುರ್ಚಿ."

"ಆಯ್ತು ಅಜ್ಜಿ. ಅಲ್ಲೀವರೆಗೆ ತಾತನ್ನ ನಾನು ನೋಡ್ಕೋತೀನಿ" ಅಂದಳು, ಬಾಯಿ ಬಡಕಿ.

ಅಂದಿನಿಂದ ದಿನವೂ ಆಸ್ಪತ್ರೆಗೆ ಹೋದೆ. ಹುರಿದ ಕಡಲೆಕಾಯಿ ಒಯ್ದೆ. ಕಾಲಿಗೆ ಎಣ್ಣೆ ಹಚ್ಚಿದೆ. "ನಡಿ, ಸ್ವಲ್ಪ ನಡಿ, ನಡೆದ್ರೆ ಬೇಗ ಆಗುತ್ತೆ" ಎಂದು ಕೈ ಹಿಡಿದು ಅಂಗಳದಲ್ಲಿ ತಿರುಗಿಸಿದೆ. ಎಂಥ ಅಂತಃಕರಣ ಈ ಹೆಂಗಸಿಗೆ ಅಂದರು ಎಲ್ಲರೂ. ಹಾಲಿನವಳು ಆ ಸುದ್ದಿಯನ್ನೂ ಹಂಚಿದಳು. ನನ್ನ ಅಂತಃಕರಣ ಯಾವುದರ ಮೇಲಿತ್ತು ಎನ್ನುವುದು ನನಗೆ ಗೊತ್ತು, ಆ ಹುಡುಗಿಗೆ ಗೊತ್ತು. "ಇವತ್ತೂ ಇಲ್ಲ ಅಜ್ಜಿ, ಮುಂದಿನ ಬಸ್ಸು" ಅನ್ನುವಳು.

ಕೊನೆಗೂ ಹೆತ್ತಳು. ಹೆಣ್ಣು ಮಗು. ಮಾತು ಕೊಟ್ಟಂತೆ ಅವತ್ತೇ ಕಾಂಪೌಂಡರ್ ಕುರ್ಚಿಯನ್ನು ಗಾಡಿಯಲ್ಲಿ ತಂದಿಳಿಸಿ, ಬಿಗಿಯಾದದ್ದನ್ನು ಒಯ್ದ. ಮೆತ್ತೆ ಬಿಚ್ಚಿ ನೋಡಿದೆ. ಎಡಗಡೆ, ಸರಿಯಾಗಿ ತಗ್ಗಿನಲ್ಲಿ, ಒಂದು ಎಳೆ ಕಿತ್ತಿತ್ತು. ನೋವು ಬಂದಾಗ ಕುರ್ಚಿಯನ್ನೇ ಹಿಡಿದು ಹಿಂಡಿ ಎದ್ದಳಂತೆ.

ಒಂದು ಎಳೆ ಹೋದರೆ ಪಕ್ಕದವು ಒಂದೊಂದಾಗಿ ಹೋಗುತ್ತವೆ. ಇವರ ಕಟ್ಟುನಿಟ್ಟು ಏನೆಂದರೆ, ತೇಪೆ ಹಾಕಬಾರದು, ಪೂರ್ತಿ ಬಿಚ್ಚಿ ಹೊಸದಾಗಿ ಹೆಣೆಯಬೇಕು. ತೇಪೆ ಹಾಕುವವನು ಕುರ್ಚಿಯವನೇ ಅಲ್ಲ ಅನ್ನುತ್ತಿದ್ದರು. ಬಿಚ್ಚಿದರೆ ಕುರ್ಚಿ ಉಳಿಯುತ್ತದೆ, ತಗ್ಗು ಹೋಗುತ್ತದೆ. ಬಿಚ್ಚದಿದ್ದರೆ ಎರಡೂ ಹೋಗುತ್ತವೆ.

ಮಗಳು, "ಏನ್ಮಾಡ್ತೀಯಮ್ಮ?" ಅಂದಳು.

ನಾನು ಸ್ನಾನದ ತೊಟ್ಟಿಯಲ್ಲಿ ಬೆತ್ತ ನೆನೆಸಿದೆ. ಅವರ ದಬ್ಬಳ ತೆಗೆದುಕೊಂಡೆ. ಕಿತ್ತದ್ದನ್ನು ಮಾತ್ರ ಎಳೆದು, ಹೊಸ ಎಳೆ ತೂರಿಸಿ, ಮೇಲೆ ಕೆಳಗೆ ಹೆಣೆದು ಬೆಣೆ ಬಡಿದೆ. ಬಿಗಿಯಲಿಲ್ಲ, ತಗ್ಗಿಗೆ ತಕ್ಕಂತೆ ಸಡಿಲ ಬಿಟ್ಟೆ. ಚಹಾದ ನೀರನ್ನೂ ಹಚ್ಚಲಿಲ್ಲ. ಕಂದು ಬೆತ್ತದ ನಡುವೆ ಹಳದಿ ಎಳೆ ಹಲ್ಲು ಕಿರಿಯುವ ಹಾಗೆ ಕಾಣುತ್ತದೆ. ಅವರು ನೋಡಿದ್ದರೆ ಮನೆ ಸೂರು ಹಾರಿಹೋಗುವ ಹಾಗೆ ಕೂಗುತ್ತಿದ್ದರು. ಕೂಗಲಿ. ಕೂಗುವುದಕ್ಕಾದರೂ ಬರಲಿ.

ಕುರ್ಚಿಯನ್ನು ಮರದ ಕೆಳಗೆ ಹಾಕಿ ಕೂತೆ. ತಗ್ಗು ಇತ್ತು. ಮೊದಲಿಗಿಂತ ತುಸು ಅಗಲ, ಅದು ಕಂಡಕ್ಟರ್ ಕೆಲಸ. "ರೀ, ಊರೆಲ್ಲ ಸುತ್ತಿ, ಯಾರನ್ನೋ ತೊಡೆ ಮೇಲೆ ಕೂರಿಸ್ಕೊಂಡು ಬಂದ್ರಲ್ಲ, ನಾಚಿಕೆ ಆಗಲ್ವಾ?" ಅಂದೆ. ಮರದಲ್ಲಿ ಎಣಿಸುವಷ್ಟು ಎಲೆಗಳು ಉಳಿದಿದ್ದವು. ಅವರಿಗೊಂದು, ನನಗೊಂದು ಆರಿಸಿದೆ. ಅವರಿಗೆ ತುದಿಯ ಗಟ್ಟಿ ಎಲೆ ಕೊಟ್ಟೆ, ನನಗೆ ಕೆಳಗಿನ ಕೊಂಬೆಯದು. ಆ ಬೆತ್ತದ ಎಳೆ ಇನ್ನೂ ಅಲ್ಲೇ ಕಟ್ಟಿಕೊಂಡಿತ್ತು. ಹೆಬ್ಬೆರಳಿಗೆ ಸಿಕ್ಕಿಸಿ ಎಳೆದೆ. ನನ್ನ ಎಲೆ ಬಿತ್ತು.

ಗೆದ್ದೆ. ಸೋತವರು ಏಳಲಿಲ್ಲ. ನಾನೇ ಎದ್ದೆ.

ಅಷ್ಟರಲ್ಲಿ ನಾದಿನಿ ಬಂದಳು, ಕೈಯಲ್ಲಿ ಹಣ್ಣಿನ ಚೀಲ. ಮುನಿಸು ಇಳಿದಿತ್ತು. ಬಸ್ಸಿನಲ್ಲಿ ನಿಂತೇ ಬಂದಳಂತೆ. ಉಸ್ಸೆಂದು ಕುರ್ಚಿಯ ಕಡೆ ನೋಡಿದಳು.

"ಅತ್ತಿಗೆ, ನೀವು ಚಹಾ ತರೋವರೆಗೆ ನಾನು ಇದರಲ್ಲಿ ಕೂರ್ಲಾ?"

"ಮರಕ್ಕೆ ಒರಗಿ ಕೂರು. ಸಿಪ್ಪೆ ಗುಡಿಸಿದೀನಿ" ಅಂದೆ. ಒಳಗೆ ಹೋಗುವಾಗ ಕುರ್ಚಿಯನ್ನೂ ಎತ್ತಿಕೊಂಡು ಹೋದೆ.